ಸಣ್ಣ ಮಾರಾಟ ತಾಣದಲ್ಲಿ ಸ್ಟಾರ್ ರೇಟಿಂಗ್ ದುರ್ಬಳಕೆಯನ್ನು ತಡೆಯುವುದು ಹೇಗೆ?

ಕೇಳಿದವರು: ತುಳಸಿಕಟ್ಟೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಮೂರು ವರ್ಷಗಳಿಂದ ಒಂದು ಸಣ್ಣ ಆನ್‌ಲೈನ್ ಮಾರಾಟ ತಾಣವನ್ನು ನಡೆಸುತ್ತಿದ್ದೇವೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಜೇನುತುಪ್ಪ, ಮುರುಗಲು ಸಿಪ್ಪೆ ಮುಂತಾದ ಮನೆ ಉತ್ಪನ್ನಗಳನ್ನು ಸುಮಾರು 160 ಮಾರಾಟಗಾರರು ನಮ್ಮ ಮೂಲಕ ಮಾರುತ್ತಾರೆ. ಅವರಲ್ಲಿ ಹೆಚ್ಚಿನವರು ಮನೆಗೆಲಸದ ನಡುವೆ ಇದನ್ನು ನಡೆಸಿಕೊಂಡು ಬಂದಿರುವ ಹೆಣ್ಣುಮಕ್ಕಳು. ಕೊಳ್ಳುವವರಲ್ಲಿ ಬಹುಪಾಲು ಬೆಂಗಳೂರು, ಪುಣೆ, ಮುಂಬೈಗಳಲ್ಲಿ ನೆಲೆಸಿರುವ ನಮ್ಮ ಕಡೆಯವರೇ ಆಗಿದ್ದಾರೆ.

ಮೊದಲಿನಿಂದಲೂ ನಮ್ಮಲ್ಲಿ ಯಾರು ಬೇಕಾದರೂ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಿ ಸ್ಟಾರ್ ಕೊಡಬಹುದಾಗಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಹೊಸದಾಗಿ ಸೇರಿದ ಒಬ್ಬ ಜೇನುತುಪ್ಪದ ಮಾರಾಟಗಾರರಿಗೆ ಒಂಬತ್ತು ದಿನಗಳಲ್ಲಿ 43 ಐದು ಸ್ಟಾರ್‌ಗಳು ಬಂದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕಡೆ "ತುಂಬಾ ಚೆನ್ನಾಗಿದೆ, ಮತ್ತೆ ತರಿಸುತ್ತೇವೆ" ಎಂಬ ಒಂದೇ ವಾಕ್ಯವಿತ್ತು. ಅದೇ ವಾರ, ಆರಂಭದಿಂದಲೂ ನಮ್ಮೊಂದಿಗಿರುವ ಇನ್ನೊಬ್ಬರ ಜೇನುತುಪ್ಪಕ್ಕೆ ಹನ್ನೊಂದು ಒಂದು ಸ್ಟಾರ್‌ಗಳು ಬಿದ್ದವು. ಆ ಹನ್ನೊಂದು ಖಾತೆಗಳಲ್ಲಿ ಒಂದರಿಂದಲೂ ನಮ್ಮಲ್ಲಿ ಎಂದೂ ಆರ್ಡರ್ ಆಗಿರಲಿಲ್ಲ. ಆ ಹಿರಿಯರು ಫೋನ್ ಮಾಡಿ, "ನನ್ನ ಜೇನಿನಲ್ಲಿ ಸಕ್ಕರೆ ಪಾಕ ಇದೆ ಎಂದು ಬರೆದಿದ್ದಾರಲ್ಲ, ಇದನ್ನು ಓದಿದವರಿಗೆ ನಾನು ಏನೆಂದು ಉತ್ತರ ಹೇಳಲಿ" ಎಂದು ಕೇಳಿದಾಗ ನಮ್ಮ ಬಳಿ ಮಾತಿರಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಘಟನೆ ಎಂದು ಬಿಡಬಹುದಿತ್ತು. ಕೆಲವು ಡಬ್ಬಿಗಳ ಮುಚ್ಚಳದ ಒಳಗೆ "ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಮಾಡಿದರೆ 50 ರೂಪಾಯಿ" ಎಂಬ ಚೀಟಿ ಅಂಟಿಸಿರುವುದನ್ನು ಒಬ್ಬ ಗ್ರಾಹಕರು ಫೋಟೊ ತೆಗೆದು ಕಳಿಸಿದ್ದಾರೆ. ಇನ್ನೊಬ್ಬ ಗ್ರಾಹಕರು, ಉಪ್ಪಿನಕಾಯಿಯ ಅರ್ಧ ಡಬ್ಬಿ ಖಾಲಿಯಾದ ಮೇಲೆ, ಪೂರ್ತಿ ಹಣ ವಾಪಸ್ ಕೊಡದಿದ್ದರೆ ಒಂದು ಸ್ಟಾರ್ ಹಾಕುವುದಾಗಿ ಮಾರಾಟಗಾರರನ್ನು ಹೆದರಿಸಿದ್ದಾರೆ. ಇದನ್ನೆಲ್ಲ ನೋಡಿ ನಾವು ಒಂದು ರಾತ್ರಿ ಆ ಎರಡು ಜೇನುತುಪ್ಪಗಳ ರೇಟಿಂಗ್‌ಗಳನ್ನು ಸಾರಾಸಗಟಾಗಿ ಅಳಿಸಿಬಿಟ್ಟೆವು. ಬೆಳಗಾಗುವಷ್ಟರಲ್ಲಿ ಇಬ್ಬರೂ ನಮ್ಮ ಮೇಲೆ ಸಿಟ್ಟಾಗಿದ್ದರು, ಏಕೆಂದರೆ ನಿಜವಾದ ಗ್ರಾಹಕರ ಮಾತುಗಳೂ ಅದರೊಂದಿಗೆ ಹೋಗಿದ್ದವು. ಬ್ಯಾಕಪ್ ಇರುವುದರಿಂದ ಮರಳಿ ತರಬಹುದು, ಆದರೆ ಏನನ್ನು ತರಬೇಕು ಎಂಬುದೇ ಪ್ರಶ್ನೆ.

ಯಾರಿಗೆ ಸ್ಟಾರ್ ಕೊಡುವ ಹಕ್ಕಿರಬೇಕು, ಸರಾಸರಿಯನ್ನು ಹೇಗೆ ಲೆಕ್ಕ ಹಾಕಬೇಕು, ಯಾವುದನ್ನು ಅಳಿಸಬಹುದು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ. ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿ ಬಾಗಿಲಲ್ಲಿ ಬೇಡವೆನ್ನುವ ಗ್ರಾಹಕರಿಗೆ ತಾವೂ ರೇಟಿಂಗ್ ಕೊಡುವಂತಾಗಬೇಕು ಎಂದು ಮಾರಾಟಗಾರರು ಕೇಳುತ್ತಿದ್ದಾರೆ; ಅದಕ್ಕೂ ಸಲಹೆ ಬೇಕು.

ಉತ್ತರ 1: ಲೆಕ್ಕದಪುಸ್ತಕ, ಬೆಂಗಳೂರು

ಹತ್ತು ವರ್ಷಗಳಿಗೂ ಹೆಚ್ಚು ಕಾಲ ಇಂತಹ ತಾಣಗಳ ರೇಟಿಂಗ್ ವ್ಯವಸ್ಥೆಯ ಮೇಲೆಯೇ ಕೆಲಸ ಮಾಡಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸುಳ್ಳು ರೇಟಿಂಗ್ ಬಂದ ಮೇಲೆ ಅದನ್ನು ಹುಡುಕಿ ಹಿಡಿಯುವುದರಲ್ಲಿ ತಾವು ಶಕ್ತಿಯನ್ನು ವ್ಯಯಿಸಿದಷ್ಟೂ ಅದು ಮುಗಿಯದ ಕೆಲಸವಾಗುತ್ತದೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ಮಾತಾಡಬಹುದು ಎಂಬುದನ್ನು ಮೊದಲೇ ಕಟ್ಟುನಿಟ್ಟಾಗಿ ಗೊತ್ತುಮಾಡಿದರೆ ಹಿಡಿಯಬೇಕಾದ ಸುಳ್ಳುಗಳೇ ಕಡಿಮೆಯಾಗುತ್ತವೆ.

ಆದ್ದರಿಂದ ಮೊದಲ ನಿಯಮ, ಆರ್ಡರ್ ಇಲ್ಲದೆ ರೇಟಿಂಗ್ ಇಲ್ಲ. ಹೋಟೆಲ್‌ಗಳ ವಿಷಯದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಒಂದು ಅಧ್ಯಯನ 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೇಜ್ಲಿನ್, ಡೋವರ್ ಮತ್ತು ಶೆವಲಿಯರ್ ಎಂಬ ಮೂವರು ಸಂಶೋಧಕರು, ಯಾರು ಬೇಕಾದರೂ ಬರೆಯಬಹುದಾಗಿದ್ದ ಟ್ರಿಪ್‌ಅಡ್ವೈಸರ್ ತಾಣವನ್ನೂ, ಕೊಠಡಿ ಕಾಯ್ದಿರಿಸಿದವರು ಮಾತ್ರ ಬರೆಯಬಹುದಾಗಿದ್ದ ಎಕ್ಸ್‌ಪೀಡಿಯಾ ತಾಣವನ್ನೂ ಒಂದೇ ಹೋಟೆಲ್‌ಗಳ ಮಟ್ಟಿಗೆ ಹೋಲಿಸಿ ನೋಡಿದರು. ಪಕ್ಕದಲ್ಲೇ ಪೈಪೋಟಿಯ ಹೋಟೆಲ್ ಇದ್ದ ಕಡೆ, ಎಕ್ಸ್‌ಪೀಡಿಯಾಕ್ಕಿಂತ ಟ್ರಿಪ್‌ಅಡ್ವೈಸರ್‌ನಲ್ಲಿ ಕೆಟ್ಟ ವಿಮರ್ಶೆಗಳ ಪಾಲು ಹೆಚ್ಚಾಗಿರುವುದು ಕಂಡುಬಂತು. ತಮ್ಮ ಜೇನುತುಪ್ಪದ ಹಿರಿಯರಿಗೆ ಆದದ್ದು ಇದೇ ಬಗೆಯದು.

ಆದರೆ ಆರ್ಡರ್‌ಗೆ ಕಟ್ಟಿಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಾರಾಟಗಾರರೇ ಬೇರೆ ಹೆಸರಿನಲ್ಲಿ ಆರ್ಡರ್ ಹಾಕಿ, ಖಾಲಿ ಅಥವಾ ಕಡಿಮೆ ಬೆಲೆಯ ಪಾರ್ಸೆಲ್ ಕಳಿಸಿ, ಆ ಆರ್ಡರ್‌ನ ಬಲದಿಂದ ಸ್ಟಾರ್ ಕೊಟ್ಟುಕೊಳ್ಳುವುದಕ್ಕೆ ಈ ವ್ಯಾಪಾರದಲ್ಲಿ ಬ್ರಷಿಂಗ್ ಎನ್ನುತ್ತಾರೆ. 2020ರ ಬೇಸಿಗೆಯಲ್ಲಿ ಅಮೆರಿಕದ ಸಾವಿರಾರು ಮನೆಗಳಿಗೆ, ಯಾರೂ ತರಿಸದ ಬಿತ್ತನೆ ಬೀಜಗಳ ಪೊಟ್ಟಣಗಳು ಅಂಚೆಯಲ್ಲಿ ಬಂದಾಗ ಅಲ್ಲಿನ ಕೃಷಿ ಇಲಾಖೆ ಇದೇ ಬ್ರಷಿಂಗ್ ಇರಬಹುದೆಂದು ಹೇಳಿತ್ತು. ಇದನ್ನು ಪೂರ್ತಿ ತಡೆಯಲಾಗದಿದ್ದರೂ ದುಬಾರಿಯಾಗಿಸಬಹುದು. 380 ರೂಪಾಯಿಯ ಅರ್ಧ ಕಿಲೊ ಜೇನಿಗೆ ತಾವು ನೂರಕ್ಕೆ 8ರಂತೆ ಕಮಿಷನ್ ಹಿಡಿಯುತ್ತೀರಿ ಎಂದಿಟ್ಟುಕೊಂಡರೆ ಅದು ಸುಮಾರು 30 ರೂಪಾಯಿ, ಕೊರಿಯರ್ 60 ರೂಪಾಯಿ. ಅಂದರೆ ಒಂದು ಸುಳ್ಳು ಸ್ಟಾರ್‌ಗೆ 90 ರೂಪಾಯಿ, ನಲವತ್ತಕ್ಕೆ 3,600 ರೂಪಾಯಿ. ಈಗ ಅದೇ ಕೆಲಸ ಪುಕ್ಕಟೆಯಾಗಿ ನಡೆಯುತ್ತಿದೆ. ರದ್ದಾದ ಅಥವಾ ವಾಪಸಾದ ಆರ್ಡರ್‌ಗಳ ಮೇಲೆ ಸ್ಟಾರ್ ಎಣಿಕೆಯಾಗದಂತೆ ನೋಡಿಕೊಂಡರೆ ಈ ಖರ್ಚನ್ನು ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಮಾಲು ಕೆಟ್ಟು ವಾಪಸ್ ಕಳಿಸಿದವರ ದೂರು ಮಾತ್ರ ಬರಹದ ರೂಪದಲ್ಲಿ ಕಾಣುತ್ತಿರಲಿ, ಇಲ್ಲವಾದರೆ ವಾಪಸ್ ತೆಗೆದುಕೊಳ್ಳುವುದೇ ಕೆಟ್ಟ ಹೆಸರಿನಿಂದ ಪಾರಾಗುವ ಉಪಾಯವಾಗಿಬಿಡುತ್ತದೆ.

ಇನ್ನು ಗಮನಿಸಬೇಕಾದ ಗುರುತುಗಳು. ಒಂದೇ ಯುಪಿಐ ಐಡಿಯಿಂದ ಬೇರೆ ಬೇರೆ ಹೆಸರಿನ ಆರ್ಡರ್‌ಗಳಿಗೆ ಹಣ ಬರುವುದು, ಪಾರ್ಸೆಲ್ ತಲುಪುವ ಮೊದಲೇ ಸ್ಟಾರ್ ಬೀಳುವುದು, ಒಂದು ಖಾತೆ ಒಬ್ಬ ಮಾರಾಟಗಾರರ ಹೊರತು ಬೇರೆ ಯಾರನ್ನೂ ಮುಟ್ಟದಿರುವುದು. ಇವು ಕಂಡಾಗ ಯಂತ್ರವೇ ಅಳಿಸುವಂತೆ ಮಾಡಬೇಡಿ. ಒಂದೇ ಅಪಾರ್ಟ್‌ಮೆಂಟಿನ ಐದು ಮನೆಗಳವರು ಕೂಡಿ ತರಿಸಬಹುದು, ಒಂದು ಮದುವೆ ಮನೆಯವರು ಹತ್ತು ಆರ್ಡರ್ ಹಾಕಬಹುದು. ಅಂತಹ ರೇಟಿಂಗ್‌ಗಳನ್ನು ಎಣಿಕೆಯಿಂದ ತಾತ್ಕಾಲಿಕವಾಗಿ ಹೊರಗಿಟ್ಟು, ಮನುಷ್ಯರೊಬ್ಬರು ನೋಡಿ ತೀರ್ಮಾನಿಸಲಿ.

ಸರಾಸರಿಯ ಲೆಕ್ಕ ಬಹಳ ಮುಖ್ಯ. ಬರೀ ಸರಾಸರಿಯಂತೆ ಪಟ್ಟಿ ಮಾಡಿದರೆ, ಮೂರೇ ಜನರಿಂದ ಐದು ಸ್ಟಾರ್ ಪಡೆದವರು, 200 ಜನರಿಂದ 4.6 ಪಡೆದವರಿಗಿಂತ ಮೇಲೆ ಕೂರುತ್ತಾರೆ. ಮೂವರು ಸಂಬಂಧಿಕರನ್ನು ಹೊಂದಿಸುವುದು ಯಾರಿಗೂ ಕಷ್ಟವಲ್ಲ. ಇದಕ್ಕೆ ಬೇಸಿಯನ್ ಸರಾಸರಿ ಎಂಬ ಸುಲಭದ ಉಪಾಯವಿದೆ. ಪ್ರತಿಯೊಬ್ಬರಿಗೂ ಆರಂಭದಲ್ಲಿಯೇ, ತಾಣದ ಒಟ್ಟಾರೆ ಸರಾಸರಿಯಷ್ಟು, ಅಂದರೆ 4.0ರಂತೆ, ಹತ್ತು ಕಾಲ್ಪನಿಕ ರೇಟಿಂಗ್‌ಗಳಿವೆ ಎಂದು ಭಾವಿಸಿ ಲೆಕ್ಕ ಹಾಕಿ. ಆಗ ಮೂರು ಐದು ಸ್ಟಾರ್ ಪಡೆದವರ ಅಂಕ 55ನ್ನು 13ರಿಂದ ಭಾಗಿಸಿದಾಗ 4.23 ಆಗುತ್ತದೆ, 200 ಜನರ 4.6 ಪಡೆದವರದು 960ನ್ನು 210ರಿಂದ ಭಾಗಿಸಿದಾಗ 4.57 ಆಗಿ ಉಳಿಯುತ್ತದೆ. ಎಲ್ಲೋ ಬಿದ್ದ ಎರಡು ಒಂದು ಸ್ಟಾರ್‌ಗಳು ಹೊಸಬರನ್ನು ಒಮ್ಮೆಗೇ ನೆಲಕ್ಕೆ ಕೆಡವದಂತೆಯೂ ಇದೇ ಲೆಕ್ಕ ಕಾಪಾಡುತ್ತದೆ.

ಮಾರಾಟಗಾರರೂ ಗ್ರಾಹಕರಿಗೆ ರೇಟಿಂಗ್ ಕೊಡುವ ವಿಷಯದಲ್ಲಿ ಇಬೇ ತಾಣದ ಅನುಭವವನ್ನು ನೋಡಿ. 1996ರಲ್ಲಿಯೇ ಅಲ್ಲಿ ಎರಡೂ ಕಡೆಯವರು ಪರಸ್ಪರ ಒಳ್ಳೆಯ ಅಥವಾ ಕೆಟ್ಟ ಅಂಕ ಕೊಡುವ ವ್ಯವಸ್ಥೆ ಬಂತು. ಕ್ರಮೇಣ ಅದು ಸೇಡಿನ ಆಯುಧವಾಯಿತು: ನನಗೆ ಕೆಟ್ಟ ಅಂಕ ಕೊಟ್ಟರೆ ನಿನಗೂ ಕೊಡುತ್ತೇನೆ ಎಂಬ ಭಯದಿಂದ ಕೊಳ್ಳುವವರು ಬಾಯಿ ಮುಚ್ಚಿಕೊಂಡರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಅಂಕ ಕೊಡುವುದನ್ನೇ ಇಬೇ ನಿಲ್ಲಿಸಬೇಕಾಯಿತು. ಮನೆಗಳನ್ನು ತಂಗಲು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ತಾಣ 2014ರಲ್ಲಿ ಬೇರೆ ದಾರಿ ಹಿಡಿದು, ಇಬ್ಬರೂ ಬರೆದು ಮುಗಿಸುವವರೆಗೆ ಅಥವಾ 14 ದಿನ ಕಳೆಯುವವರೆಗೆ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಮಾಡಿತು. ಅಲ್ಲಿ ಅತಿಥಿ ಮನೆಯೊಳಗೇ ಬಂದು ತಂಗುವುದರಿಂದ ಎರಡೂ ಕಡೆಯ ಮಾತಿಗೆ ಅರ್ಥವಿದೆ. ತಮ್ಮ ಕಷ್ಟ ಬಾಗಿಲಲ್ಲಿ ಬೇಡವೆನ್ನುವವರದು ಮಾತ್ರ. ಎರಡು ಸಲ ಹಾಗೆ ಮಾಡಿದವರಿಗೆ ಕ್ಯಾಶ್ ಆನ್ ಡೆಲಿವರಿ ಸೌಲಭ್ಯವನ್ನು ತೆಗೆದರೆ ಸಾಕು, ಅದಕ್ಕಾಗಿ ಸ್ಟಾರ್‌ಗಳ ಜಗಳವನ್ನು ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಉತ್ತರ 2: ಮುರುಗಲುಮರ, ಹೊನ್ನಾವರ

ನಾನು ಮಾರುವವಳು. ಮೇಲಿನವರು ಬರೆದ ಲೆಕ್ಕವೆಲ್ಲ ಸರಿಯಿದೆ, ಆದರೆ ನಮ್ಮಂತಹ ಸಣ್ಣ ತಾಣಗಳಲ್ಲಿ ಸುಳ್ಳು ಖಾತೆಗಳಿಗಿಂತ ದೊಡ್ಡ ತೊಂದರೆ ದಾಕ್ಷಿಣ್ಯದ್ದು ಎಂದು ನನ್ನ ಅನುಭವ ಹೇಳುತ್ತದೆ. ವಾರಕ್ಕೆ ಮೂರು ಆರ್ಡರ್ ಹೋಗುವ ಕಡೆ, ಮಂಗಳವಾರ ಒಂದು ಮೂರು ಸ್ಟಾರ್ ಬಿದ್ದರೆ ಅದು ಯಾರು ಕೊಟ್ಟದ್ದೆಂದು ಮಾರುವವರಿಗೆ ಕೂಡಲೇ ಗೊತ್ತಾಗುತ್ತದೆ. ಪಾರ್ಸೆಲ್ ಮೇಲೆ ಬರೆದ ಫೋನ್ ನಂಬರ್ ಕೈಯಲ್ಲೇ ಇರುತ್ತದೆ. "ಅಕ್ಕಾ, ನಮ್ಮಿಂದ ಏನು ತಪ್ಪಾಯಿತು, ಹೊಟ್ಟೆಪಾಡಿಗೆ ಮಾಡುವವರು ನಾವು" ಎಂದು ಫೋನಿನಲ್ಲಿ ಕೇಳಿದರೆ ಎಷ್ಟು ಜನ ತಮ್ಮ ಮೂರನ್ನು ಮೂರಾಗಿಯೇ ಉಳಿಸಿಕೊಳ್ಳುತ್ತಾರೆ? ಸಂಜೆಯೊಳಗೆ ಅದು ಐದಾಗಿರುತ್ತದೆ. ಅಲ್ಲಿ ಸುಳ್ಳು ಖಾತೆಯೂ ಇಲ್ಲ, ಹಣವೂ ಕೈ ಬದಲಾಗಿಲ್ಲ, ಆದರೆ ಮುಂದೆ ಕೊಳ್ಳುವವರಿಗೆ ತಿಳಿಯಬೇಕಾದ ನಿಜ ಮಾತ್ರ ಮುಚ್ಚಿಹೋಗಿದೆ.

ಆದ್ದರಿಂದ ರೇಟಿಂಗ್‌ಗಳನ್ನು ಬಂದ ಹಾಗೆಯೇ ತೋರಿಸಬೇಡಿ. ಐದೋ ಆರೋ ಸೇರಿದ ಮೇಲೆ ಒಟ್ಟಿಗೆ, ಹೆಸರಿಲ್ಲದೆ ತೋರಿಸಿ. ಡೆಲಿವರಿಯಾದ ಮೇಲೆ ಗ್ರಾಹಕರ ನಂಬರ್ ನಮಗೆ ಕಾಣದಿರುವಂತೆ ಮಾಡಿ. ಕೊರಿಯರ್‌ನವರಿಗೆ ಬೇಕಾದದ್ದು ನಮಗೆ ಬೇಕಾಗಿಲ್ಲ. ಹೀಗೆ ಮಾಡಿದರೆ ನನ್ನಂತಹವರಿಗೆ ಯಾರಲ್ಲಿಯೂ ಬೇಡಿಕೊಳ್ಳುವ ಪ್ರಸಂಗವೂ ಬರುವುದಿಲ್ಲ.

ಚೀಟಿಯ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಬೇರೊಂದು ತಾಣಕ್ಕೆ ಸೇರಿದ ಹೊಸದರಲ್ಲಿ ನಾನೂ ಅಂತಹ ಚೀಟಿ ಇಟ್ಟಿದ್ದೇನೆ. ಎಂಟು ತಿಂಗಳು ನನ್ನ ಮುರುಗಲು ಸಿಪ್ಪೆ ನಾಲ್ಕನೆಯ ಪುಟದಲ್ಲಿತ್ತು. ಸ್ಟಾರ್ ಇಲ್ಲದೆ ಮೇಲೆ ಬರುವಂತಿಲ್ಲ, ಮೇಲೆ ಬರದೆ ಯಾರೂ ಕೊಳ್ಳುವುದಿಲ್ಲ, ಕೊಳ್ಳದೆ ಸ್ಟಾರ್ ಬರುವುದಿಲ್ಲ. ಮಾಡಿದ್ದು ತಪ್ಪೆಂದು ಈಗ ಅನಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಚೀಟಿ ಇಟ್ಟವರನ್ನು ಮೊದಲ ತಪ್ಪಿಗೇ ಹೊರಹಾಕುವ ಮೊದಲು, ಹೊಸಬರಿಗೆ ಮೊದಲ ಪುಟದಲ್ಲಿ ಎರಡು ಮೂರು ಜಾಗಗಳನ್ನು ಸರದಿಯ ಮೇಲೆ ಕೊಡಿ. ಹಾಗೆ ಮಾಡಿದ ಮೇಲೂ ಯಾರಾದರೂ ಚೀಟಿ ಇಟ್ಟರೆ ಆಗ ಕಠಿಣವಾಗಿರಿ.

ಇನ್ನೊಂದು ಮಾತು. ಕೊರಿಯರ್‌ನವರು ಡಬ್ಬಿ ಎಸೆದು ಎಣ್ಣೆ ಸೋರಿದ್ದಕ್ಕೆ ಉಪ್ಪಿನಕಾಯಿಗೆ ಒಂದು ಸ್ಟಾರ್ ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ಪದಾರ್ಥ ಹೇಗಿತ್ತು, ಕಟ್ಟಿದ್ದು ಹೇಗಿತ್ತು, ತಲುಪಿದ್ದು ಹೇಗೆ ಎಂದು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ, ಮೊದಲ ಎರಡನ್ನು ಮಾತ್ರ ನಮ್ಮ ಲೆಕ್ಕಕ್ಕೆ ಹಾಕಿ. ಪ್ರಶ್ನೆಯನ್ನು ಯಾವಾಗ ಕೇಳುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಹಪ್ಪಳವನ್ನು ಒಂದು ವಾರದೊಳಗೆ ಕರಿದು ನೋಡುತ್ತಾರೆ, ಆದರೆ ಹೊಸ ಅಪ್ಪೆಮಿಡಿ ಡಬ್ಬಿಯೊಳಗೆ ಹದವಾಗುವುದಕ್ಕೆ ತಿಂಗಳುಗಳು ಬೇಕು. ಪಾರ್ಸೆಲ್ ಬಿಚ್ಚಿದ ದಿನವೇ ಕೇಳಿದರೆ ಗ್ರಾಹಕರು ಡಬ್ಬಿಯ ಚಂದಕ್ಕೆ ಸ್ಟಾರ್ ಕೊಡುತ್ತಾರೆ.

ತುಳಸಿಕಟ್ಟೆ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಾಲ್ಕನೆಯ ಪುಟದ ಮಾತು ನಮಗೆ ನಾಟಿತು, ಏಕೆಂದರೆ ನಮ್ಮಲ್ಲಿಯೂ ಪಟ್ಟಿ ಹಾಗೆಯೇ ಇದೆ. ಉತ್ತರ 1 ಬರೆದ ಬೆಂಗಳೂರಿನವರಲ್ಲಿ ಒಂದು ಸಂದೇಹ ಕೇಳಬೇಕಿದೆ. ನಮ್ಮಲ್ಲಿ ಮಗಳು ಬೆಂಗಳೂರಿನಿಂದ ಹಣ ಕಟ್ಟಿ ಪುಣೆಯಲ್ಲಿರುವ ಅತ್ತೆಗೆ ಕಳಿಸುವುದು ಸಾಮಾನ್ಯ. ತಿಂದವರು ಒಬ್ಬರು, ಆರ್ಡರ್ ಮಾಡಿದವರು ಇನ್ನೊಬ್ಬರು. ರೇಟಿಂಗ್ ಯಾರದ್ದಾಗಬೇಕು? ಕೆಟ್ಟ ಮಾತುಗಳನ್ನು ಅಳಿಸುವ ವಿಚಾರದಲ್ಲಿ ಕಾನೂನು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಲೆಕ್ಕದಪುಸ್ತಕ:

ಆರ್ಡರ್‌ಗೆ ಒಂದೇ ರೇಟಿಂಗ್ ಎಂಬ ನಿಯಮವನ್ನು ಸಡಿಲಿಸಬೇಡಿ, ಆದರೆ ರೇಟಿಂಗ್‌ನ ಲಿಂಕ್ ಅನ್ನು ಪಾರ್ಸೆಲ್ ಪಡೆದವರ ನಂಬರ್‌ಗೆ ಒಟಿಪಿಯೊಂದಿಗೆ ಕಳಿಸಿ. ತಿಂದವರೇ ಹೇಳಲಿ.

ಹೊನ್ನಾವರದ ಅಕ್ಕನವರು ಹೇಳಿದ ದಾಕ್ಷಿಣ್ಯದ ಮಾತನ್ನು ನಾನು ಬರೆಯಬೇಕಿತ್ತು, ಬಿಟ್ಟುಹೋಗಿತ್ತು. ಇಬೇ 2007ರಲ್ಲಿ ವಿವರವಾದ ಸ್ಟಾರ್‌ಗಳನ್ನು ತಂದಾಗ, ಯಾರು ಎಷ್ಟು ಕೊಟ್ಟರೆಂದು ಮಾರುವವರಿಗೆ ತಿಳಿಯದಂತೆ ಒಟ್ಟು ಸರಾಸರಿಯನ್ನು ಮಾತ್ರ ತೋರಿಸುತ್ತಿತ್ತು. ಅಷ್ಟು ದೊಡ್ಡ ತಾಣಕ್ಕೇ ಅದು ಬೇಕಾಗಿತ್ತೆಂದ ಮೇಲೆ, ಎಲ್ಲರೂ ಎಲ್ಲರಿಗೂ ಪರಿಚಯವಿರುವ ತಮ್ಮ ತಾಣಕ್ಕೆ ಇನ್ನೂ ಹೆಚ್ಚು ಬೇಕು.

ಉತ್ತರ 3: ನ್ಯಾಯದತಕ್ಕಡಿ, ಧಾರವಾಡ

ಗ್ರಾಹಕ ಪ್ರಕರಣಗಳಲ್ಲಿ ವಕಾಲತ್ತು ಮಾಡುವವನಾಗಿ ಕಾನೂನಿನ ಮಟ್ಟಿಗೆ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳು, ಮಾರಾಟಗಾರರು ಗ್ರಾಹಕರೆಂದು ಸುಳ್ಳು ಹೇಳಿಕೊಂಡು ವಿಮರ್ಶೆ ಬರೆಯಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿವೆ. ಆದ್ದರಿಂದ ಆ 43 ಸ್ಟಾರ್‌ಗಳು ಮಾರಾಟಗಾರರದೇ ಕೈವಾಡವಾಗಿದ್ದರೆ ಅದು ತಮ್ಮ ತಾಣದ ಶಿಸ್ತಿನ ಪ್ರಶ್ನೆ ಮಾತ್ರವಲ್ಲ, ಕಾನೂನಿನ ಉಲ್ಲಂಘನೆಯೂ ಹೌದು. ಅದೇ ನಿಯಮಗಳು ತಮ್ಮ ಮೇಲೂ ಹೊಣೆ ಹೊರಿಸುತ್ತವೆ. ಪದಾರ್ಥಗಳನ್ನು ಯಾವ ಆಧಾರದ ಮೇಲೆ ಮೇಲೆ ಕೆಳಗೆ ಜೋಡಿಸುತ್ತೀರಿ ಎಂಬುದನ್ನು ಸರಳ ಭಾಷೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಗ್ರಾಹಕರ ದೂರಿಗೆ 48 ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು. ಬೇಸಿಯನ್ ಲೆಕ್ಕವನ್ನು ಅಳವಡಿಸುವುದಾದರೆ ಅದನ್ನೂ ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ವಿವರಿಸಿಬಿಡಿ.

ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನದಂಡವನ್ನು ಹೊರತಂದಿದೆ. ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸುವುದು, ಪರಿಶೀಲಿಸುವುದು, ಪ್ರಕಟಿಸುವುದು ಹೇಗೆಂದು ಅದು ಹೇಳುತ್ತದೆ. ಅದು ಸ್ವಇಚ್ಛೆಯ ಮಾನದಂಡವಾಗಿಯೇ ಬಂದದ್ದು, ಆದರೂ ನಿಯಮಾವಳಿ ಬರೆಯಲು ಕೂರುವವರಿಗೆ ಅದಕ್ಕಿಂತ ಒಳ್ಳೆಯ ಆಧಾರ ನಮ್ಮ ದೇಶದಲ್ಲಿ ಬೇರೆ ಇಲ್ಲ.

ಅಳಿಸುವ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅಮೆರಿಕದಲ್ಲಿ ಫ್ಯಾಷನ್ ನೋವಾ ಎಂಬ ಬಟ್ಟೆ ಕಂಪನಿ ನಾಲ್ಕು ಸ್ಟಾರ್‌ಗಿಂತ ಕಡಿಮೆಯ ವಿಮರ್ಶೆಗಳು ತಾಣದಲ್ಲಿ ಕಾಣಿಸಿಕೊಳ್ಳದಂತೆ ತಡೆದಿತ್ತೆಂಬ ಆರೋಪದ ಮೇಲೆ, 2022ರಲ್ಲಿ 42 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಅದೇ ದೇಶದಲ್ಲಿ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮವು, ಹೊಗಳಿಯೇ ಬರೆಯಬೇಕೆಂಬ ಷರತ್ತಿನ ಮೇಲೆ ಹಣ ಅಥವಾ ಉಡುಗೊರೆ ಕೊಡುವುದನ್ನೂ ನಿಷೇಧಿಸುತ್ತದೆ. ಆ ಕಾನೂನುಗಳು ನಮಗೆ ಅನ್ವಯಿಸುವುದಿಲ್ಲ, ಆದರೆ 50 ರೂಪಾಯಿಯ ಚೀಟಿ ಮತ್ತು ರಾತ್ರೋರಾತ್ರಿ ಅಳಿಸುವುದು, ಇವೆರಡೂ ಓದುವ ಗ್ರಾಹಕನಿಗೆ ಮಾಡುವ ಅನ್ಯಾಯ ಒಂದೇ ಎಂಬುದನ್ನು ಅವು ಸರಿಯಾಗಿ ಗುರುತಿಸಿವೆ. ಆರ್ಡರ್ ಇಲ್ಲದ್ದು, ಹಣಕ್ಕೆ ಬರೆದದ್ದು, ಬೈಗುಳ, ಖಾಸಗಿ ವಿವರ ಇರುವಂತಹದ್ದು, ಇಷ್ಟನ್ನು ಮಾತ್ರ ತೆಗೆಯಿರಿ, ತೆಗೆದ ಕಾರಣವನ್ನು ಬರೆದವರಿಗೂ ಮಾರಾಟಗಾರರಿಗೂ ತಿಳಿಸಿ. ಕಟುವಾಗಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಮುಟ್ಟಬೇಡಿ. ಅದರ ಕೆಳಗೆ ಮಾರಾಟಗಾರರು ಒಂದು ಉತ್ತರ ಬರೆಯಲು ಜಾಗ ಕೊಡಿ.

ಹೆದರಿಸಿದ ಗ್ರಾಹಕರ ಬಗ್ಗೆ: ಹಣ ವಾಪಸಿನ ಮಾತುಕತೆಯೆಲ್ಲ ತಮ್ಮ ತಾಣದ ಸಂದೇಶಗಳಲ್ಲಿಯೇ ನಡೆಯಬೇಕೆಂದು ನಿಯಮ ಮಾಡಿ. ಆಗ ಬೆದರಿಕೆಯ ದಾಖಲೆ ತಮ್ಮ ಮುಂದೆಯೇ ಇರುತ್ತದೆ, ಆ ರೇಟಿಂಗ್ ಅನ್ನು ಎಣಿಕೆಯಿಂದ ಹೊರಗಿಡಲು ಆಧಾರವೂ ಸಿಗುತ್ತದೆ. ಆದರೆ ನಿಜವಾಗಿಯೂ ಕೆಟ್ಟ ಮಾಲು ಪಡೆದು ಹಣ ಕೇಳುವವರನ್ನು ಈ ಸಾಲಿಗೆ ಸೇರಿಸಬೇಡಿ. ಅವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ದಾರಿ ತೆರೆದೇ ಇದೆ, ಅದನ್ನು ತಾವೇ ತಾಣದಲ್ಲಿ ನಮೂದಿಸುವುದು ಒಳ್ಳೆಯದು.

ತುಳಸಿಕಟ್ಟೆ:

ನಿನ್ನೆ ಮೂವರೂ ಕೂತು ಬ್ಯಾಕಪ್ ತೆಗೆದು ಒಂದೊಂದಾಗಿ ನೋಡಿದೆವು. ಆ 43ರಲ್ಲಿ ಆರ್ಡರ್ ಇದ್ದದ್ದು ಆರಕ್ಕೆ ಮಾತ್ರ. ಹಿರಿಯರ ಜೇನಿಗೆ ಆ ಹನ್ನೊಂದಕ್ಕೂ ಮೊದಲೇ ಬಂದಿದ್ದ 58ರಲ್ಲಿ 51ಕ್ಕೆ ಆರ್ಡರ್ ಸಿಕ್ಕಿತು. ಅದರಲ್ಲಿ ಕಡಿಮೆ ಸ್ಟಾರ್‌ನವೂ ಇದ್ದವು, ಅವನ್ನೂ ಇಟ್ಟಿದ್ದೇವೆ. ಆರನ್ನೂ 51ನ್ನೂ ಮರಳಿ ಹಾಕಿ, ಉಳಿದವನ್ನು ತೆಗೆದ ಕಾರಣವನ್ನು ಇಬ್ಬರಿಗೂ ಪತ್ರದಲ್ಲಿ ಬರೆದು ಕಳಿಸಿದ್ದೇವೆ. ಹೊಸಬರಿಗೆ ಮೊದಲ ಪುಟದಲ್ಲಿ ಮೂರು ಜಾಗಗಳ ಸರದಿ ಸೋಮವಾರದಿಂದ ಆರಂಭವಾಗುತ್ತದೆ. ಚೀಟಿ ಇಟ್ಟವರೊಡನೆ ಮಾತಾಡಲು ನಾಳೆ ಅವರ ಮನೆಗೇ ಹೋಗುತ್ತಿದ್ದೇವೆ.

ಅಪ್ಪೆಮಿಡಿಗೆ ರೇಟಿಂಗ್ ಕೇಳುವ ಅವಧಿಯನ್ನು ಎಷ್ಟು ದಿನಕ್ಕೆ ಇಡಬೇಕೆಂದು ಹೊನ್ನಾವರದವರು ತಿಳಿಸಿದರೆ ಅಷ್ಟಕ್ಕೇ ಇಡುತ್ತೇವೆ.

ಮುರುಗಲುಮರ:

ಈ ವರ್ಷದ ಹೊಸ ಉಪ್ಪಿನಕಾಯಿಗೆ ಮೂರು ತಿಂಗಳು ಬಿಟ್ಟು ಕೇಳಿ. ಹಳೆಯದಾದರೆ ಹದಿನೈದು ದಿನ ಸಾಕು. ಯಾವುದು ಹೊಸದು, ಯಾವುದು ಹಳೆಯದು ಎಂದು ಡಬ್ಬಿಯ ಮೇಲೆಯೇ ಬರೆಯುವಂತೆ ಎಲ್ಲರಿಗೂ ಹೇಳಿ.